ಎಡಗಡೆಯ ಕೊಂಡಿ

ಆ ವಸ್ತ್ರ ತನ್ನ ಮಡಿಲಿಗೆ ಬಂದು ಬೀಳುವವರೆಗೂ ಶಿವಗಂಗಾಳ ಮುಖದಲ್ಲಿ ನಗುವಿತ್ತು.

ಬಾಗಲಕೋಟೆಯ ಆ ಸಭಾಭವನದ ಹಿಂದಿನ ಸಾಲಿನಲ್ಲಿ ಅವಳು ಯಾರಿಗೂ ತಿಳಿಸದೆ ಬಂದು ಕುಳಿತಿದ್ದಳು. ವೇದಿಕೆಯ ಮೇಲೆ ಶ್ರೀಶೈಲ. ಒಂದು ವರ್ಷದ ಅಗಲಿಕೆಯ ನಂತರ ಮೊದಲ ಬಾರಿ ಕಾಣುತ್ತಿದ್ದಾನೆ. ತುಸು ಕಪ್ಪಾಗಿದ್ದಾನೆ... ತೆಳ್ಳಗಾಗಿದ್ದಾನೆ... ಮಾತಿನ ನಡುವೆ ಕಿವಿಯನ್ನು ಸವರಿಕೊಳ್ಳುವ ಅಭ್ಯಾಸ ಮಾತ್ರ ಹಾಗೆಯೇ ಉಳಿದಿದೆ.

ಮರುದಿನ ಇಳಕಲ್ಲಿನ ಅವಳ ಮನೆಯಲ್ಲಿ ಎರಡೂ ಕಡೆಯ ಹಿರಿಯರು ಕೂಡಿ, ಸಕ್ಕರೆ ಹಂಚಿ, ಇಬ್ಬರ ಮದುವೆಯನ್ನು ಗಟ್ಟಿಮಾಡುವವರಿದ್ದರು. 'ನಾಳೆಯ ತನಕ ತಾಳಲಾರದೆ ಬಂದೆನೆಂದರೆ ನಕ್ಕಾನು. ನಗಲಿ...' ಎಂದುಕೊಂಡೇ ಅವಳು ಬೆಳಿಗ್ಗೆ ಬಸ್ಸು ಹತ್ತಿದ್ದಳು.

ಶ್ರೀಶೈಲ ಹುನಗುಂದದ ಒಕ್ಕಲು ಮನೆತನದವನು. ಎರೆಹೊಲದ ಒಡ್ಡುಗಳನ್ನು ತಲೆತಲಾಂತರದಿಂದ ಮಕ್ಕಳಂತೆ ಕಾಪಾಡಿಕೊಂಡು ಬಂದ ಮನೆತನ ಅದು. ಮಣ್ಣು ನೀರಿನ ವಿದ್ಯೆಯನ್ನು ಓದಿದ ಅವನು, ಕಲ್ಲಿನ ಕಟ್ಟೆಗಳಿಂದ ಬೆಟ್ಟಗಳನ್ನೇ ಗದ್ದೆಯಾಗಿಸಿದ ಜನರ ಕೆಲಸವನ್ನು ಕಲಿಯಲು ಫಿಲಿಪ್ಪೀನ್ಸ್ ದೇಶದ ಇಫುಗಾವೊ ಎಂಬ ಪ್ರಾಂತಕ್ಕೆ ಹೋಗಿದ್ದ.

"ಆ ದೇಶದ ಸುತ್ತೂಕಡೆ ಸಮುದ್ರ ಐತ್ರಿ," ಎನ್ನುತ್ತಿದ್ದ ಅವನು, ಮುಂದೆ ಕುಳಿತ ರೈತರಿಗೆ. "ಆದ್ರ ನಾ ಇದ್ದ ಸೀಮಿಗೆ ಒಂದು ಗೇಣು ಸಮುದ್ರದ ದಂಡಿನೂ ಇಲ್ಲ. ಬರೇ ಗುಡ್ಡ. ನೆತ್ತಿ ಮ್ಯಾಲ ಅಡವಿ, ಅದರ ಕೆಳಗ ಮೆಟ್ಟಲ ಮೆಟ್ಟಲ ಗದ್ದಿ. ಮ್ಯಾಲಿನ ಅಡವಿ ಕಡದ್ರ ಕೆಳಗಿನ ಗದ್ದಿಗೆ ನೀರಿಲ್ಲ. ಅದಕ್ಕಽ ಒಂದೊಂದು ಮನೆತನ ತನ್ನ ಅಡವಿ ತಾನಽ ಕಾಯ್ತೇತಿ."

ಪರದೆಯ ಮೇಲೆ ಮುಗಿಲಿಗೆ ಹಾಕಿದ ನಿಚ್ಚಣಿಕೆಯಂತೆ ಹಸಿರು ಗದ್ದೆಗಳು ಮೂಡಿದವು. ಒಂದರ ಕಟ್ಟೆಯ ಮೇಲೆ ಬುಟ್ಟಿ ಹೊತ್ತ ತರುಣಿಯೊಬ್ಬಳು ನಗುತ್ತ ನಿಂತಿದ್ದಳು.

"ವರ್ಷಕ್ಕ ಒಂದಽ ಬೆಳಿ ಭತ್ತ. ಇಳಿಜಾರಿನ್ಯಾಗ ಗೆಣಸು. ಅಕ್ಕಿ ತೀರಿದ್ರ ಗೆಣಸಽ ಊಟ. ಹುಡುಗ್ರು ಪ್ಯಾಟಿ ಹಿಡದಾರ, ಹಿಂಗಾಗಿ ಕುಸದ ಕಟ್ಟಿ ಎಬ್ಬಸಾವ್ರು ಕಡಿಮಿ ಆಗ್ಯಾರ. ಈಕಿ ಮಾರಿಸೆಲ್ ಅಂತ. ನಾ ಇದ್ದ ಮನಿಯ ಹಿರೇಮಗಳು. ಅಲ್ಲೆ ಹಿರೇಕೂಸು ಗಂಡಾಗಲಿ ಹೆಣ್ಣಾಗಲಿ, ಚಲೋ ಗದ್ದಿ ಅದಕ್ಕಽ ಬರ್ತೈತಿ."

ಮೊದಲ ಸಾಲಿನ ಮುದುಕ ಅಮಾತೆಪ್ಪ ರುಮಾಲು ಸರಿಪಡಿಸಿಕೊಂಡ. "ಹಂಗಾದ್ರ ಆ ಹುಡುಗಿನ್ನಽ ಲಗ್ನ ಆಗಿದ್ರ ಗದ್ದಿನೂ ಬರ್ತಿತ್ತಲ್ಲೋ ತಮ್ಮಾ. ಬರಿಗೈಲೆ ಯಾಕ ಬಂದಿ?"

ಸಭೆ ನಕ್ಕಿತು. ಶ್ರೀಶೈಲನೂ ನಕ್ಕ. ಶಿವಗಂಗಾಳಿಗೂ ನಗು ಬಂದಿತು, ಆದರೆ ಕಣ್ಣು ಮತ್ತೆ ಪರದೆಯ ಮೇಲಿನ ತರುಣಿಯತ್ತ ಹೋಯಿತು.

"ಬರಿಗೈಲೆ ಬಂದಿಲ್ರಿ ಅಣ್ಣಾರ." ಅವನು ಹೆಗಲ ಮೇಲಿನ ವಸ್ತ್ರವನ್ನು ಬಿಡಿಸಿ ಎತ್ತಿ ತೋರಿಸಿದ. "ಇದು ಮಾರಿಸೆಲ್ ನೆಯ್ದದ್ದು. ಅವರ ಮಗ್ಗ ನಮ್ಮಂಗ ಕುಣಿಯೊಳಗ ಇರೂದಿಲ್ಲ. ಹಾಸು ಅಂದ್ರ ಉದ್ದ ಎಳಿ, ಅದರ ಒಂದು ತುದಿ ಕಂಬಕ್ಕ, ಇನ್ನೊಂದು ತುದಿ ನೇಯಾಕಿ ಸೊಂಟಕ್ಕ. ನೋಡ್ರಿ, ಕೈಯಿಂದ ಕೈಗೆ ಕೊಡ್ರಿ."

ವಸ್ತ್ರ ಸಾಲಿನಿಂದ ಸಾಲಿಗೆ ಸರಿಯುತ್ತ ಕೊನೆಗೆ ಅವಳ ಮಡಿಲಿಗೆ ಬಂದಿತು.

ಕಪ್ಪು ಬಿಳಿ ಪಟ್ಟೆಗಳ ಒಡಲು. ತುದಿಯಲ್ಲಿ ಗೇಣುದ್ದ ಕೆಂಪು ರೇಷ್ಮೆಯ ಸೆರಗು. ಆ ಕೆಂಪು ಅವಳದು! ಅವನು ಹೊರಟ ದಿನ ತನ್ನ ಮಗ್ಗದಲ್ಲಿ ಉಳಿದ ರೇಷ್ಮೆ ಹಾಸನ್ನು ಸುರುಳಿ ಸುತ್ತಿ ಅವನ ಚೀಲದಲ್ಲಿ ಇಟ್ಟವಳು ಅವಳೇ.

ಅವಳ ಬೆರಳು ಒಡಲು ಸೆರಗು ಕೂಡುವ ಗೆರೆಗೆ ತಾನಾಗಿ ಹೋಯಿತು... ಅಲ್ಲಿಯೇ ನಿಂತಿತು.

ಇಳಕಲ್ ಸೀರೆಯ ಜೀವ ಇರುವುದು ಈ ಗೆರೆಯಲ್ಲಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದರ ಎಳೆಯನ್ನು ಇನ್ನೊಂದರ ಎಳೆಯೊಳಗೆ ಕುಣಿಕೆಯಾಗಿ ತೂರಿಸಿ ಎರಡನ್ನೂ ಬೆಸೆಯುವ ಈ ಕೆಲಸಕ್ಕೆ ಕೊಂಡಿ ಎಂದು ಹೆಸರು. ಶಿವಗಂಗಾಳ ಮನೆಯಲ್ಲಿ ಅದನ್ನು ಇಬ್ಬರು ಎದುರುಬದುರು ಕುಳಿತು ಹಾಕುವುದು ರೂಢಿ. ಬಲಗಡೆ ಕುಳಿತವರ ಕೊಂಡಿಗಳು ಬಲಕ್ಕೆ ವಾಲುತ್ತವೆ, ಎಡಗಡೆಯವರವು ಎಡಕ್ಕೆ. ಎಡಗಡೆಯ ಸ್ಥಾನ ಆ ಮನೆಯ ಹೆಣ್ಣಿನದು. ಅಜ್ಜಿ ಗುರುಲಿಂಗವ್ವನ ಕಣ್ಣು ಮಂಜಾದ ಮೇಲೆ ಆ ಸ್ಥಾನ ಎಡಗೈಯವಳಾದ ಶಿವಗಂಗಾಳಿಗೆ ಬಂದಿತ್ತು. ಇಳಕಲ್ಲಿನಲ್ಲಿ ಓದುವಾಗ ಅವರ ಮನೆಯಲ್ಲಿಯೇ ಉಳಿದಿದ್ದ ಶ್ರೀಶೈಲನಿಗೆ ಕೊಂಡಿಯನ್ನು ಕಲಿಸಿ, ಬಲಗಡೆ ಕೂರಿಸಿಕೊಂಡವಳೂ ಅವಳೇ. ಅವರ ಪ್ರೀತಿ ಮೊಳೆತದ್ದು ಆ ಎಳೆಗಳ ನಡುವೆ.

ಈ ವಸ್ತ್ರದಲ್ಲಿ ಅರ್ಧದಷ್ಟು ಕೊಂಡಿಗಳು ಬಲಕ್ಕೆ ವಾಲಿದ್ದವು. ಬಿಗಿಯಾದ, ಅವಳಿಗೆ ಚಿರಪರಿಚಿತವಾದ ಅವನ ಕೈ.

ಉಳಿದರ್ಧ ಎಡಕ್ಕೆ ವಾಲಿದ್ದವು. ಸಡಿಲ, ಸೊಟ್ಟ. ಹೊಸದಾಗಿ ಕಲಿಯುವ ಕೈ.

'ಅಂದರೆ... ಅವನ ಎದುರಿಗೆ ಒಬ್ಬಳು ಕುಳಿತಿದ್ದಳು. ನನ್ನ ಸ್ಥಾನದಲ್ಲಿ.'

ವಸ್ತ್ರವನ್ನು ಪಕ್ಕದವರ ಕೈಗಿತ್ತು ಅವಳು ಎದ್ದು ಹೊರಟಳು. ಅಮಾತೆಪ್ಪ ತಿರುಗಿ ನೋಡಿದ. ಶ್ರೀಶೈಲ ನೋಡಲಿಲ್ಲ.

ಹಿರಿಯರು ಅರಿಷಡ್ವರ್ಗಗಳನ್ನು ಎಣಿಸುವಾಗ ಮತ್ಸರವನ್ನು ಕಟ್ಟಕಡೆಗೆ ಇರಿಸಿದರು. ಉಳಿದ ಐವರೂ ಬಾಗಿಲು ತಟ್ಟಿ ಬರುವ ವೈರಿಗಳು. ಮತ್ಸರವಾದರೋ ಒಳಗೇ ಹುಟ್ಟಿ, ಮನೆಯವರ ದನಿಯಲ್ಲಿಯೇ ಮಾತನಾಡುತ್ತದೆ. ಹುನಗುಂದದ ಹೊಲಗಳು ಬಸ್ಸಿನ ಕಿಟಕಿಯಾಚೆ ಹಿಂದೆ ಸರಿಯುತ್ತಿದ್ದಾಗ ಅದು ಶಿವಗಂಗಾಳ ಕಿವಿಯಲ್ಲಿ ನುಡಿಯುತ್ತಲೇ ಇತ್ತು. ಅವಳ ಗದ್ದೆ ನೋಡಿದೆಯಾ? ಅವಳ ನಗು ನೋಡಿದೆಯಾ? ಮಾರಿಸೆಲ್... ಹೆಸರು ಹೇಳುವಾಗ ಅವನ ದನಿ ಮೆತ್ತಗಾಯಿತಲ್ಲವೇ?

ಮನೆಯಲ್ಲಿ ಅಜ್ಜಿಯೊಬ್ಬಳೇ ಇದ್ದಳು. ನಾಳಿನ ಕಾರ್ಯಕ್ಕೆ ಮೊದಲು ಸಂಗಮನಾಥನಿಗೆ ಕೈಮುಗಿದು ಬರಲೆಂದು ತಂದೆ ತಾಯಿ ಕೂಡಲಸಂಗಮಕ್ಕೆ ಹೋಗಿದ್ದರು. ಮಗ್ಗದ ಮೇಲೆ ಶಿವಗಂಗಾಳ ಮದುವೆಯ ಸೀರೆಯ ಹಾಸು ಸೆರಗಿಗಾಗಿ ಕಾಯುತ್ತಿತ್ತು.

"ಬಂದ್ಯಾ? ಕೊಂಡಿ ಹಾಕೂದು ಬಾಕಿ ಐತಿ ನೋಡು," ಎಂದಳು ಗುರುಲಿಂಗವ್ವ, ವಿಭೂತಿಯ ಹಣೆಯನ್ನೆತ್ತಿ.

"ಆಯಿ, ನಾಳೆ ಸಕ್ಕರಿ ಬ್ಯಾಡ."

"ಯಾಕ, ಸಕ್ಕರಿ ರೋಗ ಬಂತೇನ ನಿನಗ?"

ಶಿವಗಂಗಾ ನಗಲಿಲ್ಲ. ಮಗ್ಗದ ಪಕ್ಕ ಕುಸಿದು ಕುಳಿತು ಎಲ್ಲವನ್ನೂ ಹೇಳಿದಳು. ಕೊನೆಗೆ, "ಅಪ್ಪ ಬಂದ ಕೂಡ್ಲೇ ಹೇಳ್ತೇನಿ. ನಾ ಒಲ್ಲೆ," ಎಂದಳು.

ಅಜ್ಜಿ ಮಗ್ಗದ ಹಾಸಿನ ಮೇಲೆ ಕೈಯಾಡಿಸಿದಳು. "ಕೊಂಡಿ ಸುಳ್ಳು ಹೇಳೂದಿಲ್ಲ. ಅದು ಖರೆ. ಆದ್ರ ಅದನ್ನ ನೋಡಾಕಿ ಕಣ್ಣಾಗ ಖಾರಪುಡಿ ಬಿದ್ದಿರಬಾರದು."

ಹೊತ್ತು ಇಳಿಯುವ ಮುನ್ನ ಅಂಗಳದಲ್ಲಿ ಚಪ್ಪಲಿಯ ಸದ್ದಾಯಿತು.

"ಆಯಿ, ಗಂಗಾ ಅದಾಳೇನ್ರಿ?"

"ಅದಾಳ. ಒಲಿ ಇಲ್ದಽ ಕುದಿಯಾಕತ್ತಾಳ. ಸ್ವಲ್ಪ ದೂರಽ ಕುಂಡ್ರು," ಎಂದ ಗುರುಲಿಂಗವ್ವ ಜಪಮಣಿಯನ್ನು ಹಿಡಿದು ಒಳಗೆ ನಡೆದಳು.

ಶ್ರೀಶೈಲ ಬಾಗಿಲಲ್ಲಿ ನಿಂತ. ಅವನ ಕೈಯಲ್ಲಿ ಅದೇ ವಸ್ತ್ರ.

"ಬರ್ರಿ. ಕೂಡ್ರಿ," ಎಂದಳು ಶಿವಗಂಗಾ, ತಲೆಯೆತ್ತದೆ.

"ಈ 'ರಿ' ಎಲ್ಲಿಂದ ಬಂತು?"

"ಪರದೇಶಕ್ಕ ಹೋಗಿ ಬಂದವ್ರಿಗೆ ಮರ್ಯಾದಿ ಕೊಡಬೇಕಲ್ರಿ."

"ಗಂಗಾ... ನೀ ಸಭಾಕ್ಕ ಬಂದಿದ್ದು ನನಗ ಗೊತ್ತಽ ಇರ್ಲಿಲ್ಲ. 'ನಿನ್ನ ಅರಿವಿ ಮುಟ್ಟಿ ಒಂದು ಹುಡುಗಿ ಅಳಕೋತ ಎದ್ದು ಹೋತು' ಅಂತ ಅಮಾತೆಪ್ಪಣ್ಣ ಹೇಳಿದ. ಎಡಗೈಲೆ ಸೆರಗ ಹಿಡದಿದ್ಲು ಅಂದ. ಅವಾಗ ತಿಳೀತು."

"ನಾ ಅತ್ತಿಲ್ಲ."

"ಆತು, ಅತ್ತಿಲ್ಲ. ಇದು ನಾಳೆ ನಿನ್ನ ಉಡಿಯಾಗ ಹಾಕೂದಿತ್ತು. ಸಭಾದವ್ರು ಅಲ್ಲೀದು ಏನಾರ ತೋರ್ಸು ಅಂದ್ರು, ಒಯ್ದೆ. ತಪ್ಪಾತು. ನಿನಗಂತ ಮಾಡಿದ್ದನ್ನ ಮೊದಲ ಊರ ಮಂದಿ ಕೈಯಾಗ ಕೊಡಬಾರದಿತ್ತು."

"ಊರ ಮಂದಿ ಕೈಯಾಗ ಕೊಟ್ಟದ್ದಕ್ಕಲ್ಲ ನನ್ನ ಸಿಟ್ಟು." ಅವಳು ಈಗ ತಲೆಯೆತ್ತಿದಳು. ಕಣ್ಣುಗಳು ಕೆಂಪಾಗಿದ್ದವು. "ಒಂದಽ ಮಾತು ಕೇಳ್ತೇನಿ. ಈ ಕೊಂಡಿ ಹಾಕುವಾಗ ಎಡಗಡೆ ಕೂತಾಕಿ ಯಾರು?"

"ಯಾರೂ ಇಲ್ಲ."

"ಸುಳ್ಳು ಹೇಳಬ್ಯಾಡ್ರಿ. ಬಲಗಡೀವು ನಿಮ್ಮ ಕೈಯಾವು. ಎಡಗಡೀವು ಇನ್ನೊಬ್ರವು. ಕಣ್ಣು ಕಟ್ಟಿದ್ರೂ ಹೇಳ್ತೇನಿ ನಾ." ದನಿ ಒಡೆಯಿತು. "ಆಕಿಗೆ ಗದ್ದಿ ಐತಿ. ಅಡವಿ ಐತಿ. ನನ್ನ ಕಡೆ ಇದ್ದದ್ದು ಈ ಜಾಗಾ ಒಂದಽ... ಅದನ್ನೂ ಕೊಟ್ಟು ಬಂದ್ರಿ."

ಶ್ರೀಶೈಲ ಬಾಗಿಲು ಬಿಟ್ಟು ಒಳಗೆ ಬಂದು ಮಗ್ಗದ ಆಚೆ ನೆಲದ ಮೇಲೆ ಕುಳಿತ.

"ಆಕಿ ಕೇಳಿದ್ಲು, ಗಂಗಾ," ಎಂದ. "ನಿನ್ನ ಕೆಂಪು ಹಾಸು ಚೀಲದಾಗ ಇಟ್ಕೊಂಡು ಅಡ್ಡಾಡತಿದ್ದೆ. ಮಾರಿಸೆಲ್ ನೋಡಿ, 'ನನ್ನ ಹಾಸಿಗೆ ಕೂಡ್ಸು, ನೆಯ್ದು ಕೊಡ್ತೇನಿ' ಅಂದ್ಲು. ಕೂಡಸಾಕ ಇಬ್ರು ಬೇಕು ಅಂದೆ. 'ನನಗ ಕಲಸು, ನಾ ಎದರಿಗೆ ಕೂಡ್ತೇನಿ' ಅಂದ್ಲು."

"ಮತ್ತ?"

"ಬ್ಯಾಡ ಅಂದೆ. ಆ ಜಾಗಾದಾಗ ಕೂಡಾಕಿ ಬ್ಯಾರೆ ಅದಾಳ ಅಂದೆ."

ಶಿವಗಂಗಾ ಅವನ ಕೈಯಲ್ಲಿದ್ದ ವಸ್ತ್ರದತ್ತ ಬೆರಳು ತೋರಿಸಿದಳು. "ಮತ್ತ ಈ ಎಡಗಡೀವು?"

"ಬಲಗಡೆ ಕೂತು ಅರ್ಧ ಮುಗಿಸಿದೆ. ಆಮ್ಯಾಲ ಎದ್ದು, ಸುತ್ತ ಹಾಕಿ ಹೋಗಿ, ನಿನ್ನ ಜಾಗಾದಾಗ ಕೂತೆ. ಅಲ್ಲಿ ಯಾವಾಗ್ಲೂ ನೋಡಿದ್ದು ನಿನ್ನ ಎಡಗೈ. ಅದಕ್ಕಽ ನಾನೂ ಎಡಗೈಲೆಽ ಹಾಕಿದೆ. ಒಂದು ಕೊಂಡಿ ಹಾಕೂದ್ರಾಗ ಮೂರು ಎಳಿ ಹರದ್ವು. ಆಕಿ ನೋಡಿ ನೋಡಿ ನಗತಿದ್ಲು."

ಅವಳಿಗೆ ನಂಬಬೇಕೆಂಬ ಆಸೆ ಒಂದು ಕಡೆ, ನಂಬಿ ಸೋತೇನೆಂಬ ಭಯ ಇನ್ನೊಂದು ಕಡೆ. ನಂತರ ನಿಧಾನವಾಗಿ ಎದ್ದು, ಸೆರಗಿನ ಹಾಸನ್ನು ತಂದು ಒಡಲಿನ ಹಾಸಿನ ಎದುರಿಗೆ ಹರಡಿದಳು. ತನ್ನ ಎಡಗಡೆಯ ಸ್ಥಾನದಿಂದ ಸರಿದು ಅದನ್ನು ತೋರಿಸಿದಳು.

"ಇಲ್ಲಿ ಕೂಡ್ರಿ. ಎಡಗೈಲೆ ಹಾಕ್ರಿ."

ಅವನು ಕುಳಿತ. ಎಡಗೈ ಬೆರಳುಗಳು ತಡವರಿಸಿದವು. ಒಂದು ಎಳೆ ಜಾರಿತು, ಒಂದು ತುಂಡಾಯಿತು, ತುಟಿ ಕಚ್ಚಿ ಮತ್ತೆ ಹಿಡಿದ. ಕಡೆಗೊಂದು ಕೊಂಡಿ ಬಿದ್ದಿತು. ಎಡಕ್ಕೆ ವಾಲಿದ, ಸಡಿಲವಾದ, ಸೊಟ್ಟಾದ ಕೊಂಡಿ.

ಶಿವಗಂಗಾ ವಸ್ತ್ರವನ್ನು ಅದರ ಪಕ್ಕಕ್ಕಿಟ್ಟು ನೋಡಿದಳು. ಎರಡೂ ಒಂದೇ ತಾಯಿಯ ಮಕ್ಕಳಂತಿದ್ದವು.

ಈ ಬಾರಿ ಅವಳು ಅತ್ತಳು. ಅಡಗಿಸಲಿಲ್ಲ. ತನ್ನ ಸ್ಥಾನ ಖಾಲಿಯಿದ್ದ ದೂರದ ಬೆಟ್ಟದಲ್ಲಿ ಅದನ್ನು ಮತ್ತೊಬ್ಬಳಿಗೆ ಬಿಟ್ಟುಕೊಡದೆ, ತಾನೇ ಶಿವಗಂಗಾಳಾಗಿ ಕುಳಿತವನು ಇವನು!

"ಆಕಿಗೆ... ನಿನ್ನ ಮ್ಯಾಲ ಮನಸಿತ್ತೇನು?" ಎಂದಳು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ.

'ರಿ' ಹೋಗಿದ್ದನ್ನು ಅವನು ಗಮನಿಸಿದ.

"ಇದ್ದೀತು. ನಾ ಕೇಳಲಿಲ್ಲ. ಬರೂಮುಂದ ಒಂದು ಮಾತು ಅಂದ್ಲು. 'ನಮ್ಮ ಮಗ್ಗದ ಪಟ್ಟಿ ನೇಯಾಕಿ ಸೊಂಟಕ್ಕ ಇರ್ತೈತಿ, ಒಬ್ರ ಪಟ್ಟಿ ಇನ್ನೊಬ್ರು ಕಟ್ಕೊಂಡ್ರ ಅರಿವಿ ಸೊಟ್ಟ ಬರ್ತೈತಿ. ನಿಮ್ಮೂರಾಗ ಜಾಗಾಕ್ಕೂ ಹಂಗಽ ಅಂತ ಕಾಣ್ತೈತಿ' ಅಂತ."

ಶಿವಗಂಗಾ ಬಹಳ ಹೊತ್ತು ಆ ಕಪ್ಪು ಬಿಳಿ ಪಟ್ಟೆಗಳನ್ನು ಸವರುತ್ತ ಕುಳಿತಳು. ಅಷ್ಟು ಸಮನಾಗಿ ನೆಯ್ದ ಕೈಯ ಮೇಲೆ ಈಗ ಸಿಟ್ಟು ಬರಲೊಲ್ಲದು.

"ಛಂದ ನೆಯ್ದಾಳ," ಎಂದಳು. ಆ ಮಾತು ಹೇಳಲು ಸ್ವಲ್ಪ ಕಷ್ಟವೇ ಆಯಿತು.

ಒಳಗಿನಿಂದ ಗುರುಲಿಂಗವ್ವನ ದನಿ ಬಂದಿತು. "ಜಪಾ ಮುಗೀತು. ನಾಳೆ ಸಕ್ಕರಿ ಹಂಚಬೇಕೋ, ಇಲ್ಲಾ ನಾನಽ ಚಹಾಕ್ಕ ಹಾಕಿ ಕುಡೀಲೋ?"

"ಹಂಚೂದೈತಿ, ಆಯಿ," ಎಂದಳು ಶಿವಗಂಗಾ.

ಅವನು ಎದ್ದು ಬಲಗಡೆಗೆ ಹೋದ. ಅವಳು ಎಡಗಡೆ ಕುಳಿತಳು. ಮದುವೆಯ ಸೀರೆಯ ಎಳೆಗಳು ಇಬ್ಬರ ನಡುವೆ ಸಂಜೆಯ ಬೆಳಕಿನಲ್ಲಿ ಹೊಳೆದವು.

ಅವನು ಹಾಕಿದ ಸೊಟ್ಟ ಕೊಂಡಿಯೊಂದು ಅವಳ ಬದಿಯಲ್ಲಿ ಎದ್ದು ಕಾಣುತ್ತಿತ್ತು.

"ಅದನ್ನ ಬಿಚ್ಚಿ ನೀನಽ ಹಾಕು," ಎಂದ ಶ್ರೀಶೈಲ. "ನಾಕು ಮಂದಿ ನೋಡಿದ್ರ ನಿನ್ನ ಕೈಗೆ ಹೆಸರಿಡ್ತಾರ."

ಶಿವಗಂಗಾ ಅದರ ಪಕ್ಕದ ಎಳೆಯನ್ನು ಎತ್ತಿಕೊಂಡಳು.

"ಹೆಸರಿಟ್ರ ಇಡಲಿ ಬಿಡು. ಅದು ನನ್ನ ಜಾಗಾದಾಗ ನೀ ಕೂತಿದ್ದರ ಗುರುತು. ಹಂಗಽ ಇರ್ಲಿ."