ದಿಬ್ಬ ಒಂದು ಬಾಕಿ

"ಅಪ್ಪಾ, ಇದು ಎಣ್ಣೆಯಾ, ಚಹಾನಾ?" ಧನ್ಯಾ ಕೇಳಿದಳು.

ಅಪ್ಪ ವಿಶ್ವನಾಥ ಮಾರಾಟಕ್ಕಿದ್ದ ಹಳೆಯ ಟ್ರ್ಯಾಕ್ಟರಿನ ಗೇರ್‌ಬಾಕ್ಸಿನಿಂದ ಎಳೆದ ಕಡ್ಡಿಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದ. ಕಡ್ಡಿಯ ತುದಿಗೆ ಅಂಟಿದ ಎಣ್ಣೆ ಹಾಲು ಹೆಚ್ಚಾದ ಚಹಾದ ಹಾಗೆ ಬೆಳ್ಳಗಿತ್ತು.

"ನೀರು ಹೊಕ್ಕಿದೆ ಮಗಾ. ಉಪ್ಪುನೀರು. ದೋಣಿ ಎಳೀಲಿಕ್ಕೆ ಇದನ್ನ ಸಮುದ್ರಕ್ಕೇ ಇಳಿಸಿದ್ದಾರೆ."

"ಎಣ್ಣೆ ಬದಲಿಸಿದ್ರೆ ಆತಲ್ಲ ಮಾರಾಯ್ರೆ," ಎಂದ ಅದನ್ನು ಮಾರುತ್ತಿದ್ದ ಕಾಸರಕೋಡದ ಮನುಷ್ಯ. "ಕೂತ್ಕೊಳ್ಳಿ, ಚಾ ಕುಡೀರಿ."

"ಬೇಡ, ಈಗಷ್ಟೇ ಆತು," ಎಂದು ಅಪ್ಪ ಧನ್ಯಾಳ ಕೈ ಹಿಡಿದು ರಸ್ತೆಗೆ ನಡೆದ.

ಆಗಿರಲಿಲ್ಲ. ಬೆಳಿಗ್ಗೆ ಕುಮಟೆಯಲ್ಲಿ ಬಸ್ ಹತ್ತಿದ ಮೇಲೆ ಇಬ್ಬರ ಬಾಯಿಗೂ ಏನೂ ಬಿದ್ದಿರಲಿಲ್ಲ. ಮೊದಲು ಭಟ್ಕಳದ ಜಾಲಿಗೆ ಹೋಗಿದ್ದರು. ಅಲ್ಲಿಯ ಟ್ರ್ಯಾಕ್ಟರಿನ ಕ್ಲಚ್ ಹೋಗಿತ್ತು. ಅಲ್ಲಿಯೂ ಚಹಾ ಬೇಡ ಎಂದಿದ್ದರು.

ಇದೆಲ್ಲ ಮೆಕ್ಯಾನಿಕ್ ದುರ್ಗಣ್ಣನ ಅಪ್ಪಣೆ. ಅಪ್ಪನ ಜೊತೆ ಅವನೇ ಬರಬೇಕಿತ್ತು. ಅವನ ಮಾವನ ಮನೆಯಲ್ಲಿ ಮದುವೆ ಬಂದು ಅದು ತಪ್ಪಿತು. ಅಪ್ಪನಿಗೆ ಮರೆವು ಎಂದು ಅವನು ಧನ್ಯಾಳ ಬೆರಳು ಹಿಡಿದು ಕಲಿಸಿದ್ದ. ಹೆಬ್ಬೆರಳು ಎಣ್ಣೆ. ತೋರುಬೆರಳು ಕ್ಲಚ್. ನಡುಬೆರಳು ಒಂದೊಂದೇ ಗೇರು. ಉಂಗುರದ ಬೆರಳು ದಿಬ್ಬ. ತುಂಬಿದ ಟ್ರೇಲರ್ ಕಟ್ಟಿ ದಿಬ್ಬ ಹತ್ತಿಸಿ ನೋಡಬೇಕು.

"ಕಿರುಬೆರಳು?" ಎಂದು ಧನ್ಯಾ ಕೇಳಿದ್ದಳು.

"ಕಿರುಬೆರಳು ನಿನ್ನ ಅಪ್ಪನ ಹೊಟ್ಟೆ. ನೋಡಿ ಮುಗಿಯೋ ತನಕ ಮಾರುವವರ ಮನೇಲಿ ಏನೂ ಮುಟ್ಟಬಾರ್ದು. ಉಂಡ್ಮೇಲೆ ಅವನಿಗೆ ಬಾಯಿ ಬರೂದಿಲ್ಲ!"

ಬಸ್ಸಿನ ಕಿಟಕಿಯಿಂದ ಬರುತ್ತಿದ್ದ ಗಾಳಿಯೂ ಬಿಸಿಯಾಗಿತ್ತು. ಅಪ್ಪ ಕಣ್ಣು ಮುಚ್ಚಿ ಕುಳಿತಿದ್ದ. ಇಷ್ಟು ವರ್ಷ ಅವನು ಓಡಿಸಿದ ಟ್ರ್ಯಾಕ್ಟರನ್ನು ಅದರ ಯಜಮಾನರು ಮಾರಿಬಿಟ್ಟಿದ್ದರು. ಮಳೆ ಹಿಡಿಯುವುದರೊಳಗೆ ಒಂದು ಸ್ವಂತದ್ದು ಸಿಗದಿದ್ದರೆ ಅವನು ಕೆಲಸಕ್ಕೆ ಗೋವಾಕ್ಕೆ ಹೋಗಬೇಕು. ಹೋದರೆ ಚೌತಿಗೇ ಬರುವುದು. ಅಮ್ಮ ಆ ಮಾತನ್ನು ಮೆಲ್ಲಗೆ ಆಡಿದ್ದಳು. ಆದರೂ ಧನ್ಯಾಳಿಗೆ ಕೇಳಿಸಿತ್ತು.

ಮೂರನೆಯ ಮನೆ ಹೊನ್ನಾವರ ದಾಟಿದ ಮೇಲೆ. ಅಂಗಳದಲ್ಲಿ ಕೆಂಪು ಬಣ್ಣ ಮಾಸಿದ ಟ್ರ್ಯಾಕ್ಟರ್ ನಿಂತಿತ್ತು. ಅದರ ಒಡತಿ ಗಣಪಿ ತಲೆಗೆ ಸೆರಗು ಹಾಕಿಕೊಂಡು ಬೇಲಿಯ ದಣಪೆಯ ತನಕ ಬಂದಳು. ಅವಳ ತಮ್ಮ ಕುಪ್ಪ ಟ್ರ್ಯಾಕ್ಟರ್ ಓಡಿಸುವವನು. ಅವನು ನಕ್ಕು ಪಕ್ಕಕ್ಕೆ ನಿಂತ.

"ಅಯ್ಯೋ, ಕೂಸಿನ ಮೋರೆ ನೋಡಿ, ಬಾಡಿಹೋಗಿದೆ! ಟ್ರ್ಯಾಕ್ಟರ್ ಎಲ್ಲಿಗೂ ಓಡಿಹೋಗೂದಿಲ್ಲ. ಮೊದ್ಲು ಊಟ," ಎಂದಳು ಗಣಪಿ.

"ಬೇಡ ಅಕ್ಕ, ಈಗಷ್ಟೇ..." ಎಂದು ಅಪ್ಪ ಶುರುಮಾಡಿದ.

ಒಳಗಿನಿಂದ ಬಂಗಡೆ ಸಾರಿನ ಪರಿಮಳ ಬಂತು. ಧನ್ಯಾಳ ಹೊಟ್ಟೆ ಗೊರ್ ಎಂದು ಸದ್ದು ಮಾಡಿತು. ಕುಪ್ಪನಿಗೂ ಅದು ಕೇಳಿಸಿರಬೇಕು.

"ಎಂಜಿನ್ ಸ್ಟಾರ್ಟ್ ಆತು!" ಎಂದ ಅವನು. ಗಣಪಿಯೂ ನಕ್ಕಳು. ಧನ್ಯಾ ಕಿರುಬೆರಳನ್ನು ಮಡಚಿ ಮುಷ್ಟಿಯೊಳಗೆ ಅಡಗಿಸಿಕೊಂಡಳು. ಇಬ್ಬರೂ ಉಂಡರು. ಬೇಡ ಎಂದರೂ ಗಣಪಿ ಎರಡನೇ ಸಲ ಅನ್ನ ಬಡಿಸಿದಳು.

ಊಟವಾದ ಮೇಲೆ ಅಪ್ಪ ಕಡ್ಡಿ ಎಳೆದು ನೋಡಿದ. ಎಣ್ಣೆ ಜೇನಿನ ಹಾಗೆ ಸ್ವಚ್ಛವಾಗಿತ್ತು. ಎಂಜಿನ್ ಶುರುಮಾಡಿ ಮೇಲಿನ ಗೇರಿಗೆ ಹಾಕಿ, ಬ್ರೇಕ್ ಒತ್ತಿ ಹಿಡಿದು ಕ್ಲಚ್ ಬಿಟ್ಟ. ಎಂಜಿನ್ ಗಪ್ಪೆಂದು ನಿಂತಿತು. ಅಂದರೆ ಕ್ಲಚ್ ಗಟ್ಟಿ ಇದೆ. ಅಪ್ಪನ ಮುಖ ಸ್ವಲ್ಪ ಅರಳಿತು. ಬೆಳಿಗ್ಗೆಯಿಂದ ಅದೇ ಮೊದಲು.

"ಗೇರ್ ನಾ ತೋರಿಸ್ತೆ," ಎಂದು ಕುಪ್ಪ ಸೀಟಿಗೆ ಹತ್ತಿ ಅಂಗಳದಲ್ಲಿ ಸುತ್ತು ಹೊಡೆದ. ಎಲ್ಲ ಗೇರುಗಳೂ ಬಿದ್ದವು. ಧನ್ಯಾ ಹಲಸಿನ ಮರದ ನೆರಳಲ್ಲಿ ನಿಂತು ನೋಡುತ್ತಿದ್ದಳು. ಒಂದನೇ ಗೇರಿನಲ್ಲಿ ಕುಪ್ಪಣ್ಣನ ಕಾಲು ಸಲೀಸಾಗಿತ್ತು. ಮೂರನೆಯದರಲ್ಲೂ ಹಾಗೇ. ಎರಡನೆಯದಕ್ಕೆ ಹಾಕಿದಾಗ ಮಾತ್ರ ಅವನ ಎಡ ಮೊಣಕಾಲು ಗೇರಿನ ಲಿವರಿಗೆ ಅಂಟಿಕೊಂಡಿತು. ಇನ್ನೊಂದು ಸುತ್ತು ಬಂದಾಗಲೂ ಅಂಟಿಕೊಂಡಿತು.

ಗದ್ದೆ ಉಳುವುದು ಎರಡನೇ ಗೇರಿನಲ್ಲೇ. ಧನ್ಯಾ ಅಪ್ಪನ ಅಂಗಿ ಜಗ್ಗಿದಳು.

"ಅಪ್ಪಾ, ದಿಬ್ಬ ಒಂದು ಬಾಕಿ."

"ಬಿಡು ಮಗಾ," ಎಂದ ಅಪ್ಪ ಪಿಸುದನಿಯಲ್ಲಿ. "ಅವರ ಮನೇಲಿ ಉಂಡು ಕೈ ಒಣಗಲಿಲ್ಲ. ಈಗ ಹೆಂಗೆ ಕೇಳೂದು? ನಂಗೂ ಸಾಕಾಗಿದೆ."

ಗಣಪಿ ಒಳಗಿನಿಂದ ಒಂದು ತೆಂಗಿನಕಾಯಿ ತಂದಳು. ಟ್ರ್ಯಾಕ್ಟರಿನ ಮುಂದೆ ಕಾಯಿ ಒಡೆದರೆ ಮಾತು ಮುಗಿದ ಹಾಗೆ. ಆಮೇಲೆ ಯಾರೂ ಹಿಂದೆ ಸರಿಯುವುದಿಲ್ಲ.

ಧನ್ಯಾ ಕಾಯಿಯನ್ನೇ ನೋಡಿದಳು. ಸುಮ್ಮನಿದ್ದರೆ ಟ್ರ್ಯಾಕ್ಟರ್ ಮನೆಗೆ ಬರುತ್ತದೆ. ಅಪ್ಪ ಗೋವಾಕ್ಕೆ ಹೋಗುವುದಿಲ್ಲ. ತಾನು ನೋಡಿದ್ದೇ ತಪ್ಪಿರಬಹುದು. ಕುಪ್ಪಣ್ಣ ಕೂರುವುದೇ ಹಾಗಿರಬಹುದು. ತಪ್ಪಾಗಿರದಿದ್ದರೆ? ನಾಳೆ ತುಂಬಿದ ಟ್ರೇಲರ್ ಕಟ್ಟಿಕೊಂಡು ದಿಬ್ಬ ಹತ್ತುವವನು ಅಪ್ಪ.

"ಗಣಪಕ್ಕ, ಕಾಯಿ ಈಗ ಒಡೀಬೇಡಿ," ಎಂದಳು. ದನಿ ಅವಳಿಗೇ ದೊಡ್ಡದಾಗಿ ಕೇಳಿಸಿತು. "ಅಪ್ಪ ಒಂದ್ಸಲ ದಿಬ್ಬ ಹತ್ತಿಸ್ಲಿ."

ಅಪ್ಪ ತಲೆ ತಗ್ಗಿಸಿದ. ಗಣಪಿ ಮಾತ್ರ ನಕ್ಕಳು. "ಅಬ್ಬಾ, ಇದು ಕೂಸಲ್ಲ, ಇನ್ಸ್‌ಪೆಕ್ಟರು! ಹತ್ತಿಸ್ಲಿ, ಅದಕ್ಕೆಂತ? ಕುಪ್ಪಾ, ಟ್ರೇಲರಲ್ಲಿ ಗೋಡೆಗೆ ತಂದ ಚೀರೆಕಲ್ಲು ತುಂಬಿದೆಯಲ್ಲ, ಅದನ್ನೇ ಕಟ್ಟು."

"ನಾನೇ ಹತ್ತಿಸ್ತೆ," ಎಂದ ಕುಪ್ಪ. ಅವನು ಈಗ ನಗುತ್ತಿರಲಿಲ್ಲ.

"ಅಪ್ಪನೇ ಹತ್ತಿಸ್ಲಿ," ಎಂದಳು ಧನ್ಯಾ.

ಮನೆಯ ಪಕ್ಕದ ಮಣ್ಣುರಸ್ತೆಯೇ ದಿಬ್ಬ. ಅಪ್ಪ ಎರಡನೇ ಗೇರಿಗೆ ಹಾಕಿ ನಿಧಾನ ಹತ್ತಿಸಿದ. ಅರ್ಧ ದಾರಿಯಲ್ಲಿ ಟಕ್ ಎಂದು ಸದ್ದಾಯಿತು. ಗೇರು ತಾನೇ ನ್ಯೂಟ್ರಲ್‌ಗೆ ಬಂತು. ಎಂಜಿನ್ ಕಿರುಚಿತು. ಟ್ರ್ಯಾಕ್ಟರ್ ಹಿಂದಕ್ಕೆ ಜಾರತೊಡಗಿತು. ಅಪ್ಪ ಬಲಗೈಯಲ್ಲಿ ಸ್ಟಿಯರಿಂಗ್ ಜಗ್ಗಿ ಹಿಡಿದು ಬ್ರೇಕಿನ ಮೇಲೆ ಎದ್ದೇ ನಿಂತ. ಎಲ್ಲರಿಗಿಂತ ಮೊದಲು ಓಡಿದವನು ಕುಪ್ಪ. ದೊಡ್ಡ ಕಲ್ಲೊಂದನ್ನು ತಂದು ಚಕ್ರದ ಹಿಂದೆ ಒತ್ತಿಟ್ಟ.

"ಎಂತ ಆತು?" ಎಂದಳು ಗಣಪಿ. ಕಾಯಿ ಇನ್ನೂ ಅವಳ ಕೈಯಲ್ಲೇ ಇತ್ತು.

"ಎರಡನೇ ಗೇರು ನಿಲ್ಲೂದಿಲ್ಲ ಅಕ್ಕ," ಎಂದ ಕುಪ್ಪ ನೆಲ ನೋಡುತ್ತ. "ಹೋದ ಮಳೆಗಾಲದಿಂದ ಹಂಗೇ. ಮೊಣಕಾಲಲ್ಲಿ ಒತ್ತಿ ಹಿಡಿದ್ರೆ ನಿಲ್ತದೆ."

"ನಂಗೆ ಹೇಳ್ಲಿಲ್ಲ ಎಂತಕ್ಕೆ?"

"ಹೇಳಿದ್ರೆ ನೀನು ಉಳುಮೆ ನಿಲ್ಲಿಸ್ತಿದ್ದೆ. ಒಪ್ಪಿಕೊಂಡ ಗದ್ದೆ ಎಲ್ಲ ಹಂಗೇ ಬಿದ್ದಿರ್ತಿತ್ತು."

ಗಣಪಿ ಅಪ್ಪನ ಕಡೆ ತಿರುಗಿದಳು. ಅವಳ ಮುಖ ಕೆಂಪಾಗಿತ್ತು. "ನಂಗೆ ಗೊತ್ತಿತ್ತಿಲ್ಲ ಮಾರಾಯ್ರೆ. ದೇವರಾಣೆ."

"ದುರ್ಗ ಬಂದು ಗೇರ್‌ಬಾಕ್ಸ್ ಬಿಚ್ಚಿ ನೋಡ್ಲಿ ಅಕ್ಕ. ಆಮೇಲೆ ಮಾತಾಡ್ವ," ಎಂದ ಅಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಗೆ ಬೇಕಾದಷ್ಟು ಶಕ್ತಿಯೂ ಉಳಿದಿರಲಿಲ್ಲ. ಬಿಚ್ಚಿ ಸರಿಮಾಡುವಷ್ಟರಲ್ಲಿ ಮಳೆ ಬಂದುಬಿಟ್ಟರೆ? ಧನ್ಯಾ ಆಕಾಶ ನೋಡಿದಳು.

ಗಣಪಿ ಕಾಯಿಯನ್ನು ಜಗಲಿಯ ಮೇಲಿಟ್ಟು ತಮ್ಮನ ಎದುರು ನಿಂತಳು.

"ಪ್ಯಾಂಟ್ ಮಡಚು."

"ಎಂತ ಇಲ್ಲ ಅಕ್ಕ."

"ಮಡಚು ಅಂದೆ."

ಕುಪ್ಪ ಮಡಚಿದ. ಮೊಣಕಾಲಿನ ಪಕ್ಕ ನೇರಳೆಹಣ್ಣಿನ ಬಣ್ಣದ ಕಲೆ. ಅದರ ನಡುವೆ ಚರ್ಮ ಜಡ್ಡುಗಟ್ಟಿತ್ತು. ಗಣಪಿ ಮೆಲ್ಲಗೆ ಮುಟ್ಟಿದರೂ ಅವನು ಹಲ್ಲು ಕಚ್ಚಿದ. ಅವಳು ಎಣ್ಣೆ ಬಿಸಿಮಾಡಲು ಒಳಗೆ ಹೋದಳು.

ಧನ್ಯಾ ಆ ಮೊಣಕಾಲನ್ನು ಅಂಗಳದಲ್ಲಿ ಅಷ್ಟು ಹೊತ್ತು ನೋಡಿದ್ದಳು. ಅದು ನೋಯುತ್ತಿರಬಹುದು ಎಂದು ಅನ್ನಿಸಿಯೇ ಇರಲಿಲ್ಲ.

ಬಸ್ ಬರುವುದಕ್ಕೆ ಇನ್ನೂ ಹೊತ್ತಿತ್ತು. ರಸ್ತೆ ಬದಿಯ ಕಟ್ಟೆಯ ಮೇಲೆ ಅಪ್ಪ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದ. ಆಗಾಗ ಕತ್ತು ಓರೆ ಮಾಡುತ್ತಿದ್ದ.

"ಅಪ್ಪಾ, ನೋಯ್ತದಾ?"

"ಎಂತ ಇಲ್ಲ."

ಧನ್ಯಾ ಹತ್ತಿರ ಸರಿದು ಕುಳಿತಳು. ಮತ್ತೆ ಕೇಳಿದಳು.

"ಎಲ್ಲಿ ನೋಯ್ತದೆ ಅಪ್ಪಾ?"

ಅಪ್ಪ ಅವಳ ಮುಖ ನೋಡಿದ. ಆಮೇಲೆ ಅಂಗಿಯ ಮೇಲಿಂದಲೇ ಭುಜವನ್ನು ತೋರಿಸಿದ.

"ಇಲ್ಲಿ," ಎಂದ.