ಅತ್ತೆ ಹೇಳಿದ ಸಾಕ್ಷಿ

"ಬಾಚ್ಬೇಡ, ಹಾಗೇ ಇರ್ಲಿ" ಎಂದು ಶ್ರೀಮತಿಯಮ್ಮ ಸೊಸೆಯ ಕೈಯಿಂದ ಬಾಚಣಿಗೆ ಕಿತ್ತುಕೊಂಡರು. "ಜಡ್ಜ್ ನೋಡ್ಬೇಕಲ್ಲ ನಿನ್ನ ಅವಸ್ಥೆ."

ಶ್ರೀವಾಣಿ ಗಂಡನ ಮುಖ ನೋಡಿದಳು. ಮುರಾರಿ ಶೂ ಲೇಸು ಕಟ್ಟಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದ. ಮುಂಬಯಿ ಹತ್ತಿರದ ಡೊಂಬಿವಲಿಯ ಆ ಮನೆಯಲ್ಲಿ ಅಮ್ಮನ ಮಾತಿಗೆ ಅವನು ಎದುರಾಡಿದ್ದೇ ಇಲ್ಲ.

ಕಾಲೇಜಿನ ದಿನಗಳಿಂದಲೇ ಅವಳಿಗೆ ಖಿನ್ನತೆಯ ಕಾಯಿಲೆ. ಮದುವೆಗೆ ಮುಂಚೆ ಅವಳ ಅಪ್ಪ ಏನನ್ನೂ ಮುಚ್ಚಿಟ್ಟಿರಲಿಲ್ಲ. ದಿನಕ್ಕೊಂದು ಮಾತ್ರೆ ನುಂಗಿ ಅವಳು ಲೋಕಲ್ ರೈಲು ಹತ್ತಿ ಠಾಣೆ ಊರಿನ ಶಾಲೆಯಲ್ಲಿ ಗಣಿತ ಕಲಿಸಿ ಬರುತ್ತಿದ್ದಳು, ಮನೆಯನ್ನೂ ತೂಗಿಸುತ್ತಿದ್ದಳು. ಅತ್ತೆಯ ಬಾಯಲ್ಲಿ ಮಾತ್ರ ಅವಳು 'ಮಾತ್ರೆಯವಳು'. ಅವಳು ಮುಟ್ಟಿದ ಅಡುಗೆ ನೈವೇದ್ಯಕ್ಕೆ ಆಗುತ್ತಿರಲಿಲ್ಲ. ನೆಂಟರು ಬಂದರೆ ಅವಳು ಒಳಕೋಣೆಯಿಂದ ಹೊರಗೆ ಬರುವಂತಿರಲಿಲ್ಲ.

2011ರ ಒಂದು ಸಂಜೆ ಸ್ಟೇಷನ್ನಿನಿಂದ ಬರುತ್ತಿದ್ದ ಅವಳ ರಿಕ್ಷಾಕ್ಕೆ ಕಾರೊಂದು ಗುದ್ದಿತು. ಮುರಿದ ಕಾಲು ಕೂಡಿತು, ಮನಸ್ಸು ಕೂಡಲಿಲ್ಲ. ನಿದ್ದೆ ಹಾರಿಹೋಯಿತು. ಹಾರ್ನ್ ಕೇಳಿದರೆ ಗೋಡೆಯ ಮೂಲೆ ಸೇರುವಳು... ಕೆಲಸವೂ ಹೋಯಿತು. ಪರಿಹಾರಕ್ಕೆ ಅರ್ಜಿ ಹಾಕಿದಾಗ ವಿಮಾ ಕಂಪನಿಯ ವಕೀಲರು, ಕಾಯಿಲೆ ಹಳೆಯದು, ಕಾರಿಗೂ ಅದಕ್ಕೂ ಸಂಬಂಧವಿಲ್ಲ ಎಂದರು. ಹಿಡಿತದಲ್ಲಿದ್ದ ಕಾಯಿಲೆ ಅಪಘಾತದಿಂದಲೇ ಉಲ್ಬಣಿಸಿದೆ ಎಂದು ವೈದ್ಯರು ನುಡಿದರು. ಆದರೆ ಅಪಘಾತಕ್ಕೆ ಮೊದಲು ಅವಳು ಹೇಗಿದ್ದಳೆಂದು ಮನೆಯವರೊಬ್ಬರು ಹೇಳಬೇಕಿತ್ತು. ಹಣ ಬಂದರೆ ಪಕ್ಕದ ಠಾಕುರ್ಲಿಯಲ್ಲಿ ದೊಡ್ಡ ಮನೆ ಕೊಳ್ಳಬಹುದೆಂಬ ಆಸೆಗೆ ಅತ್ತೆ ತಾವೇ ಮುಂದಾದರು.

ಅಂದು ಸಾಕ್ಷಿಕಟ್ಟೆಯಲ್ಲಿ ನಿಂತ ಶ್ರೀಮತಿಯಮ್ಮ ಅತ್ತರು. ತಮಗೆ ಟೈಫಾಯಿಡ್ ಆದಾಗ ಸೊಸೆ ಹಾಸಿಗೆಯ ಪಕ್ಕದಿಂದ ಕದಲಲಿಲ್ಲವಂತೆ. ಅಕ್ಕಪಕ್ಕದ ಮಕ್ಕಳೆಲ್ಲ ಲೆಕ್ಕ ಕಲಿಯಲು ಅವಳನ್ನೇ ಹುಡುಕಿ ಬರುತ್ತಿದ್ದರಂತೆ. ಬೆಳಿಗ್ಗೆ ಹಾಡು ಗುನುಗುತ್ತಲೇ ಎಲ್ಲರ ಡಬ್ಬಿ ಕಟ್ಟುತ್ತಿದ್ದಳಂತೆ... ವಿಮಾ ವಕೀಲರು ಎಷ್ಟು ಕೆದಕಿದರೂ ಅವರು ಜಗ್ಗಲಿಲ್ಲ.

ಶ್ರೀವಾಣಿ ಕೂತಲ್ಲಿಂದಲೇ ಪ್ರತಿ ಮಾತನ್ನೂ ಕೇಳಿಸಿಕೊಂಡಳು. ಅದರಲ್ಲಿ ಒಂದು ಮಾತೂ ಸುಳ್ಳಲ್ಲ! ಹಾಗಾದರೆ ಅತ್ತೆ ಎಲ್ಲವನ್ನೂ ಕಣ್ಣಾರೆ ನೋಡಿದ್ದರು... ನೋಡಿಯೂ ಇಷ್ಟು ವರ್ಷ ಅವಳನ್ನು ಹೊಲಸಿನಂತೆ ದೂರವಿಟ್ಟಿದ್ದರು. ಒಂದು ಒಳ್ಳೆಯ ಮಾತಿಗಾಗಿ ಅವಳೆಷ್ಟು ಹಂಬಲಿಸಿರಲಿಲ್ಲ!

ಹೊರಗೆ ಬಂದದ್ದೇ ಅತ್ತೆ ಕಣ್ಣೊರೆಸಿಕೊಂಡು, "ಸರೀ ಹೇಳಿದೆ ಅಲ್ವಾ?" ಎಂದು ಮಗನನ್ನು ಕೇಳಿದರು.

ಉತ್ತರ ಕೊಟ್ಟವಳು ಶ್ರೀವಾಣಿ. "ಸರಿಯಾಗೇ ಹೇಳಿದ್ರಿ ಅತ್ತೆ. ಸುಳ್ಳು ಹೇಳಿದ್ರೆ ನಂಗೆ ಇಷ್ಟು ಹೇಸಿಗೆ ಆಗ್ತಿರ್ಲಿಲ್ಲ."

"ಇಲ್ಲಿ ಬೇಡ ವಾಣಿ" ಎಂದ ಮುರಾರಿ. "ಮನೆಗೆ ಹೋಗಿ ಮಾತಾಡುವ."

"ಮನೇಲಿ ನೀವು ಯಾವತ್ತು ಮಾತಾಡಿದ್ದೀರಿ?"

ಕೋಪರಿಯ ತವರಿನಿಂದ ಬಂದಿದ್ದ ಅಮ್ಮನ ತೋಳನ್ನು ಬಿಗಿಯಾಗಿ ಹಿಡಿದು, ಹಾರ್ನ್‌ಗಳ ನಡುವೆ ಕಣ್ಣು ಮುಚ್ಚಿಕೊಂಡೇ ಅವಳು ರಸ್ತೆ ದಾಟಿ ತವರಿನ ದಾರಿ ಹಿಡಿದಳು.

ತೀರ್ಪು ಅವಳ ಪರವಾಗಿ ಬಂತು. ಹಣವನ್ನು ಅವಳು ತನ್ನ ಚಿಕಿತ್ಸೆಗೆಂದೇ ಇಟ್ಟುಕೊಂಡಳು. ಮುರಾರಿ ಭಾನುವಾರಗಳಂದು ಕೋಪರಿಗೆ ಬಂದು ಕೂತು ಹೋಗುತ್ತಿದ್ದ. ಒಮ್ಮೆ ಮೆಲ್ಲಗೆ, ಸೊಸೆಯಿಲ್ಲದೆ ಮನೆ ಬಿಕೋ ಎನ್ನುತ್ತಿದೆಯೆಂದು ತನ್ನ ಅಮ್ಮ ಎಲ್ಲರ ಬಳಿ ಹೇಳುತ್ತಾಳೆ ಎಂದ.

ಶ್ರೀವಾಣಿ ಅವನ ಮುಂದೆ ಕಾಫಿ ಇಟ್ಟಳು. ಮುಂದಿನ ವಾರ ಬರುವಾಗ ಅಲ್ಲಿ ಉಳಿದಿರುವ ತನ್ನ ಗಣಿತದ ಪುಸ್ತಕಗಳನ್ನು ತಂದುಕೊಡಿ ಎಂದಷ್ಟೇ ಹೇಳಿದಳು.