ಕಿತ್ತಳೆ ಬೂಷ್ಟು

ಸೋಮವಾರ ಅಂಗಿ ಬದಲಿಸಿದ್ದೆನೋ ಇಲ್ಲವೋ?

ಗೇಟಿನ ಪಕ್ಕದ ಬಚ್ಚಲಲ್ಲಿ ತಲೆಗೆ ನೀರು ಸುರಿದುಕೊಂಡದ್ದು ನೆನಪಿದೆ. ಸೋಪು ಜಾರಿ ಮೋರಿಗೆ ಬಿದ್ದದ್ದೂ ನೆನಪಿದೆ. ಗೂಟದಲ್ಲಿದ್ದ ಸಂಸ್ಥೆಯ ಬಿಳಿ ಅಂಗಿಗೆ ಕೈ ಹಾಕಿದ್ದು ಮಾತ್ರ ನೆನಪಿಗೆ ಬರಲೊಲ್ಲದು. ಟ್ರೇ ಕೋಣೆಯೊಳಗೆ ಉಸಿರು ಹಿಡಿದು ನಿಂತ ತರ್ಯಾನಾ ಅದನ್ನೇ ಮತ್ತೆ ಮತ್ತೆ ಕೇಳಿಕೊಂಡ. ಉತ್ತರ ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಕೇಳಿಕೊಳ್ಳುತ್ತಿದ್ದ.

ಎದುರಿನ ಸ್ಟ್ಯಾಂಡಿನ ಮೂರನೇ ಟ್ರೇಯ ಮೂಲೆಯಲ್ಲಿ ಉಗುರಿನಷ್ಟು ಕಿತ್ತಳೆ ಬಣ್ಣ ಕೂತಿತ್ತು.

ಇಪ್ಪತ್ತನಾಲ್ಕು ಟ್ರೇಗಳ ತುಂಬ ಬೇಯಿಸಿದ ಭತ್ತದ ಹುಲ್ಲು. ಅದರ ಮೇಲೆ ಸಂಶೋಧಕಿ ಇಮಾಸ್ ಬಿತ್ತಿದ ಹಸಿರು ಬೂಷ್ಟು. ಆ ಬೂಷ್ಟು ಒಸರುವ ಕಿಣ್ವ ಹುಲ್ಲನ್ನು ಸಕ್ಕರೆ ಮಾಡುತ್ತದೆ. ಸಕ್ಕರೆ ಹುಳಿತರೆ ಎಂಜಿನ್ ಓಡಿಸುವ ಇಂಧನ. ಗದ್ದೆಗಳಲ್ಲಿ ಸುಮ್ಮನೆ ಸುಟ್ಟು ಹೊಗೆಯಾಗುವ ಹುಲ್ಲು ಅದು. ಎಂಟು ತಿಂಗಳ ಹಿಂದೆ ಸುಮೆದಾಂಗ್ ಕಡೆಯ ಯಾವುದೋ ಕೊಳೆತ ಬಣವೆ ಕೆದಕಿ ಆ ಬೂಷ್ಟನ್ನು ಅವಳೇ ಹುಡುಕಿ ತಂದಿದ್ದಳು. ಶುಕ್ರವಾರ ಜಕಾರ್ತಾದಿಂದ ಪರೀಕ್ಷಕರು ಬರುತ್ತಾರೆ. ಆ ಹೊತ್ತಿಗೆ ಟ್ರೇಗಳು ಕೆಟ್ಟಿದ್ದರೆ ಯೋಜನೆ ಮುಚ್ಚುತ್ತದೆ, ಇಮಾಸ್‌ಳ ಕೆಲಸವೂ ಹೋಗುತ್ತದೆ. ಇಂದು ಬುಧವಾರ.

ಕಿತ್ತಳೆ ಬೂಷ್ಟು ತರ್ಯಾನಾನಿಗೆ ಹುಟ್ಟಿದಾಗಿನಿಂದ ಗೊತ್ತು. ಅವನದು ಒಂಚೋಮ್ ಮಾಡುವ ಮನೆ. ಕಡಲೆಕಾಯಿ ಹಿಂಡಿಯ ಬಿಲ್ಲೆಗಳ ಮೇಲೆ ಅಮ್ಮ ಹಳೆಯ ಒಂಚೋಮಿನ ಪುಡಿ ಕೊಡವಿದರೆ ಸಾಕು, ಎರಡು ದಿನಕ್ಕೆ ಎಲ್ಲ ಕಿತ್ತಳೆ. ಹುರಿದು ಅನ್ನದ ಜೊತೆ ತಿಂದರೆ ಅದರಷ್ಟು ರುಚಿ ಇನ್ನೊಂದಿಲ್ಲ. ಆದರೆ ಆ ಪುಡಿ ಹುಬ್ಬಿನಲ್ಲಿ, ಅಂಗಿಯ ಮಡಿಕೆಯಲ್ಲಿ ಕೂತು ಹೋದಲ್ಲೆಲ್ಲ ಬರುತ್ತದೆ. ಒಂದು ಸಲ ಊದಿದರೆ ಇಡೀ ಕೋಣೆಗೆ ಹಬ್ಬುತ್ತದೆ. ಅದಕ್ಕೇ ಒಂಚೋಮ್ ಮನೆಯವರು ಗೇಟಿನಲ್ಲೇ ಮಿಂದು ಅಂಗಿ ಬದಲಿಸಬೇಕೆಂದು ಸಂಸ್ಥೆಯಲ್ಲಿ ನಿಯಮ. ಅಂಥ ಮನೆಯವನು ಅಲ್ಲಿ ಅವನೊಬ್ಬನೇ.

"ಕಾಂಗ್, ಯಾಕೆ ಹಂಗೆ ನಿಂತಿದ್ದೀರ? ದೆವ್ವ ಕಂಡ್ತಾ?"

ಬಾಗಿಲಲ್ಲಿ ಇಮಾಸ್. ಮುಖಗವಸಿನ ಮೇಲೆ ಎರಡು ಕಣ್ಣು ಮಾತ್ರ. ಅವಳು ಅವನನ್ನು ಅಣ್ಣ ಎಂಬಂತೆ ಕಾಂಗ್ ಎನ್ನುತ್ತಿದ್ದಳು. ಹೆಂಡತಿಯರು ಗಂಡನನ್ನೂ ಹಾಗೆಯೇ ಕರೆಯುವ ಊರು ಅದು. ಓದಿದವಳೆಂದು ಅವನು ಅವಳನ್ನು ತೇಹ್ ಎನ್ನುತ್ತಿದ್ದ, ಅಕ್ಕ ಎಂಬಂತೆ. ಅದಕ್ಕೆ ಬೇರೆ ಅರ್ಥವೇ ಇರಲಿಲ್ಲ.

"ಮಾತಾಡ್ಬೇಡಿ ತೇಹ್. ಬಾಗ್ಲು ಮೆಲ್ಲಗೆ ಹಾಕಿ. ಗಾಳಿ ಆಡ್ಬಾರ್ದು."

ಅವಳು ಅವನ ಬೆರಳು ತೋರಿದ ಕಡೆ ನೋಡಿದಳು. ಕಣ್ಣಿನ ನಗು ಒಂದು ಕ್ಷಣ ಅಲ್ಲೇ ಉಳಿದು, ಆಮೇಲೆ ಆರಿತು.

"ಎಷ್ಟು ಟ್ರೇ?" ಪಿಸುಗುಟ್ಟಿದಳು.

"ಕಾಣ್ತಿರೋದು ಒಂದು."

ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯನ್ನು ಇಬ್ಬರೂ ನಾಲ್ಕು ಮೂಲೆ ಹಿಡಿದು ಆ ಟ್ರೇಯ ಮೇಲೆ ಇಳಿಸಿದರು. ಮಗುವಿಗೆ ಹೊದಿಸುವಷ್ಟು ನಿಧಾನ. ಹಾಗೆಯೇ ಎತ್ತಿ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಹೊರಗೆ, ಬೂಷ್ಟನ್ನು ಬೇಯಿಸಿ ಕೊಲ್ಲುವ ಆವಿಯ ಯಂತ್ರಕ್ಕೆ ಸಾಗಿಸಿದರು.

ಲ್ಯಾಬಿನ ಮುಖ್ಯಸ್ಥೆ ಬು ಹೆರ್ನಿ ಕಾರಿಡಾರಿನಲ್ಲೇ ತಡೆದರು. ಬು ಎಂದರೆ ಅಲ್ಲಿ ಮೇಡಂ ಎಂದಂತೆ.

"ಯಾರು?"

"ನಾನು ಬು," ಎಂದಳು ಇಮಾಸ್. "ಒಂಚೋಮ್ ತಿನ್ಬೇಕು ಅನ್ನಿಸ್ತು. ಸೋಮವಾರ ಕಾಂಗ್ ಹತ್ರ ಒಂದು ಪೊಟ್ಟಣ ತರಿಸ್ಕೊಂಡೆ. ನನ್ನ ಚೀಲದಲ್ಲಿತ್ತು."

ತರ್ಯಾನಾ ಒಂದು ಹೆಜ್ಜೆ ಮುಂದೆ ಬಂದ. ಈ ಕೆಲಸ ಹೋದರೆ ಅವಳನ್ನು ದಿನವೂ ನೋಡುವುದೂ ಹೋಗುತ್ತದೆ. ಸುಮ್ಮನಿದ್ದರೆ ಅವಳ ಹೆಸರು ಕೆಡುತ್ತದೆ.

"ಅಲ್ಲ ಬು. ಪೊಟ್ಟಣ ಇವ್ರಿಗೆ ಸಂಜೆ ಗೇಟಲ್ಲಿ ಕೊಟ್ಟಿದ್ದು, ಒಳಗೆ ಬಂದೇ ಇಲ್ಲ. ಬಂದಿದ್ದು ನನ್ನ ಅಂಗಿ. ನಾನು ಬದಲಿಸ್ಲಿಲ್ಲ."

ಬು ಹೆರ್ನಿ ಇಬ್ಬರನ್ನೂ ನೋಡಿದರು. "ತಟ್ಟೇಲಿರೋ ಕರಿದ ತಾಹುವಿನ ಕೊನೇ ತುಂಡಿಗೆ ಕಿತ್ತಾಡೋ ಹಂಗೆ ತಪ್ಪಿಗೆ ಕಿತ್ತಾಡ್ತಿದ್ದೀರಲ್ರೋ! ಕೇಳಿ. ನಾಳೆ ಬೆಳಿಗ್ಗೆ ಒಂದೇ ಒಂದು ಹೊಸ ಚುಕ್ಕೆ ಕಂಡ್ರೂ ಉಳಿದಿದ್ದನ್ನೆಲ್ಲ ಆವಿಗೆ ಹಾಕಿಸ್ತೀನಿ. ಆಮೇಲೆ ತರ್ಯಾನಾ, ನೀನು ಮನೇಗೆ ಹೋಗ್ತಾ ಇರು."

ಅವರು ಹೋದ ಮೇಲೆ ಇಮಾಸ್ ಗೋಡೆಗೊರಗಿದಳು. "ಸಾಯಿಸೋ ದಾರಿ ಪುಸ್ತಕದಲ್ಲಿದೆ. ತಡೆಯೋದು ಹೇಗೆ ಅಂತ ಯಾರೂ ಬರ್ದಿಲ್ಲ."

"ಬಣ್ಣ ಚೆನ್ನಾಗಿ ಬರ್ಲಿ ಅಂತ ಅಮ್ಮ ಕಿಟಕಿ ತೆಗೆದಿಡ್ತಾರೆ," ಎಂದ ಅವನು. "ಅದಕ್ಕೆ ಬೆಳಕು ಬೇಕು, ಗಾಳಿ ಬೇಕು. ನಾವು ಉಲ್ಟಾ ಮಾಡೋಣ. ಲೈಟ್ ಆರಿಸೋಣ, ಫ್ಯಾನ್ ನಿಲ್ಲಿಸೋಣ."

"ಫ್ಯಾನ್ ನಿಲ್ಸಿದ್ರೆ ನನ್ನ ಬೂಷ್ಟು ತನ್ನ ಕಾವಿಗೆ ತಾನೇ ಬೆಂದು ಹೋಗುತ್ತೆ ಕಾಂಗ್! ಮೂವತ್ನಾಲ್ಕು ಡಿಗ್ರಿ ದಾಟ್ಬಾರ್ದು."

"ಐಸ್ ತರ್ತೀನಿ."

ಗೇಟಿನೆದುರು ಚೆಂದೋಲ್ ಎಂಬ ತಂಪು ಪಾನೀಯ ಮಾರುವ ಮುದುಕ ಮಾಂಗ್ ಒಡಿಕ್ ತನ್ನ ಐಸ್ ಪೆಟ್ಟಿಗೆಯನ್ನೇ ಖಾಲಿ ಮಾಡಿಕೊಟ್ಟ. "ಇಷ್ಟೊಂದು ಐಸಾ? ಯಾರದಪ್ಪಾ ಮದುವೆ? ನನ್ನ ಕರೀಲೇ ಇಲ್ಲ!" ತರ್ಯಾನಾನಿಗೆ ನಗಲೂ ಆಗಲಿಲ್ಲ.

ಮಧ್ಯಾಹ್ನದಿಂದ ಸಂಜೆಯವರೆಗೆ ಅವರು ಆ ಕತ್ತಲ ಕೋಣೆಯಲ್ಲಿ ಕೂತರು. ಕಿಟಕಿಗೆ ಕಪ್ಪು ಬಟ್ಟೆ, ಸ್ಟ್ಯಾಂಡುಗಳ ಸುತ್ತ ಒದ್ದೆ ಬಟ್ಟೆ, ಕೆಳಗೆ ಬೇಸಿನ್‌ಗಳಲ್ಲಿ ಐಸ್. ಹುಲ್ಲಿನ ಬೆಚ್ಚನೆಯ ಮಣ್ಣು ವಾಸನೆ. ಅರ್ಧ ಗಂಟೆಗೊಮ್ಮೆ ಅವಳು ಫೋನಿನ ಬೆಳಕನ್ನು ಬೆರಳುಗಳಿಂದ ಮುಚ್ಚಿ ಥರ್ಮಾಮೀಟರಿನ ಹತ್ತಿರ ಹಿಡಿಯುತ್ತಿದ್ದಳು. ಬೆಳಕು ಬೆರಳುಗಳನ್ನು ದಾಟಿ ಕೆಂಪಾಗಿ ಬರುತ್ತಿತ್ತು. ಅಷ್ಟರಲ್ಲೇ ಅವಳ ಹುಬ್ಬು, ರೆಪ್ಪೆ, ಮೂಗಿನ ಮೇಲೆ ಜಾರಿದ ಮುಖಗವಸಿನ ಅಂಚು ಕಂಡು ಮರೆಯಾಗುತ್ತಿದ್ದವು.

ಮೂವತ್ತೊಂದು. ಮೂವತ್ತೆರಡು. ಅವನು ಎದ್ದು ಐಸ್ ಬದಲಿಸಿದ.

"ಯಾಕೆ ಬದಲಿಸ್ಲಿಲ್ಲ ಕಾಂಗ್?" ಕತ್ತಲಲ್ಲಿ ಅವಳ ದನಿ. "ನೀವು ಮರೆಯೋರಲ್ಲ."

"ಹೊತ್ತಾಗಿತ್ತು."

"ಸುಳ್ಳು. ಆರೂವರೆಗೆ ಬಂದಿದ್ರಿ. ನಾನು ಮೇಲಿಂದ ನೋಡ್ತಿದ್ದೆ."

ಅವಳು ಮೇಲಿಂದ ನೋಡುತ್ತಿದ್ದಳು ಎಂಬುದು ಅವನೊಳಗೆ ಇಳಿಯಲು ಹೊತ್ತು ಹಿಡಿಯಿತು.

"ನೀಲಿ ಅಂಗಿ ಅಲ್ವಾ ಅದು? ಹಿಂದಿನ ವಾರ ನಾನು ಚೆನ್ನಾಗಿದೆ ಅಂದಿದ್ದು?"

ಐಸಿನ ತುಂಡೊಂದು ಬೇಸಿನ್‌ನಲ್ಲಿ ಸರಿದು ಸದ್ದಾಯಿತು. ಅವಳು ಫೋನೆತ್ತಿದಳು, ಆದರೆ ಕೆಂಪು ಬೆಳಕು ಥರ್ಮಾಮೀಟರಿನ ಕಡೆ ಹೋಗಲಿಲ್ಲ, ಅವನ ಮುಖದ ಮೇಲೆ ನಿಂತಿತು. ಅವಳ ಕಣ್ಣು ಬೆಳಕಿನ ಹಿಂದೆ ಕಾಯುತ್ತಿತ್ತು. ಅವನು ಪಕ್ಕಕ್ಕೆ ಬಾಗಿ ಪಾದರಸವನ್ನು ನೋಡಿದ.

"ಮೂವತ್ತಮೂರು," ಎಂದ.

"ನಾನು ಅಂಗಿ ವಿಷ್ಯ ಕೇಳಿದ್ರೆ ನೀವು ಟ್ರೇ ಜ್ವರ ಹೇಳ್ತೀರ," ಎಂದು ಅವಳು ಮೆಲ್ಲಗೆ ನಕ್ಕಳು. ಆ ನಗುವಿಗೂ ಗಾಳಿ ಎದ್ದೀತೆಂದು ಅವನು ಹೆದರಿದ. ಆದರೂ ಅದು ನಿಲ್ಲದಿರಲಿ ಎನಿಸಿತು.

ರಾತ್ರಿಯ ತಂಪಿಗೆ ಕಾವು ಮೂವತ್ನಾಲ್ಕು ದಾಟಲಿಲ್ಲ. ಗುರುವಾರ ಬೆಳಿಗ್ಗೆ ಬು ಹೆರ್ನಿ ಟ್ರೇ ಟ್ರೇಗೂ ಬಾಗಿ ನೋಡಿದರು. ಹಿಂದೆ ನಿಂತ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಇಪ್ಪತ್ತಮೂರೂ ಹಸಿರು. ಶುಕ್ರವಾರ ಪರೀಕ್ಷಕರೆದುರು ಆ ಹುಲ್ಲಿನಿಂದ ಹಿಂಡಿದ ಕಂದು ರಸ ಇನ್ನೊಂದು ಪಾತ್ರೆಯ ಹುಲ್ಲನ್ನು ಒಂದೇ ದಿನದಲ್ಲಿ ಸಿಹಿನೀರಾಗಿ ಕರಗಿಸಿತು. ಶನಿವಾರ ಫಲಿತಾಂಶ ಬಂತು: ಯೋಜನೆ ಉಳಿಯಿತು, ಅಷ್ಟೇ ಅಲ್ಲ, ಬೆಳೆಯಿತು. ಲಾಂಪುಂಗ್‌ನಲ್ಲಿ ದೊಡ್ಡ ಘಟಕ. ಬೂಷ್ಟಿನ ಜೊತೆ ಇಮಾಸ್ ಹೋಗಬೇಕು. ಎರಡು ವರ್ಷ, ಮುಂದೆ ಇನ್ನೆಷ್ಟೋ. ಸಮುದ್ರ ದಾಟಿ.

ಟ್ರೇಗಳು ಸತ್ತಿದ್ದರೂ ಹೋಗುತ್ತಿದ್ದಳು, ಬದುಕಿದ್ದಕ್ಕೂ ಹೋಗುತ್ತಿದ್ದಾಳೆ ಎಂದು ತರ್ಯಾನಾ ಟ್ರೇ ತೊಳೆಯುತ್ತ ಯೋಚಿಸಿದ.

ಮಂಗಳವಾರ ಗೇಟಿನೆದುರು ವ್ಯಾನ್ ನಿಂತಿತ್ತು. ಬೂಷ್ಟಿನ ಪೆಟ್ಟಿಗೆಯನ್ನು ಅವಳು ಮಡಿಲಲ್ಲೇ ಇಟ್ಟುಕೊಂಡಿದ್ದಳು. ಇವತ್ತು ಮುಖಗವಸಿರಲಿಲ್ಲ. ತುಟಿಯ ಪಕ್ಕದ ಸಣ್ಣ ಮಚ್ಚೆಯನ್ನು ಅವನು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ಅಲ್ಲಿ ಟ್ರೇ ಕೋಣೆಗೆ ಒಬ್ರು ಬೇಕಂತೆ," ಎಂದಳು, ಪೆಟ್ಟಿಗೆಯ ಹಗ್ಗ ಬಿಗಿ ಮಾಡುತ್ತ. "ಹೆಸರು ನಾನೇ ಕೊಡ್ಬೇಕಂತೆ. ಈ ತಿಂಗಳೊಳಗೆ."

"ಒಳ್ಳೇದಾಯ್ತು ತೇಹ್."

"ಯಾರ ಹೆಸರು ಕೊಡ್ಲಿ?"

ಮೂರನೇ ಟ್ರೇಯ ಆ ಉಗುರಿನಷ್ಟು ಬಣ್ಣ ಅವನ ಕಣ್ಣ ಮುಂದೆ ಬಂತು. ಒಂದು ಅಂಗಿಯ ಆಸೆ ಎಂಟು ತಿಂಗಳ ಕೆಲಸವನ್ನು ಹೇಗೆ ತಿನ್ನಬಹುದಿತ್ತು ಎಂದು ಅವನು ಕಣ್ಣಾರೆ ಕಂಡಿದ್ದ. ಇನ್ನೂ ದೊಡ್ಡ ಆಸೆ ಏನೇನು ತಿನ್ನುತ್ತದೋ. ಡ್ರೈವರ್ ಹಾರನ್ ಒತ್ತಿದ.

"ಅಲ್ಲಿ ಸೆಖೆ ಜಾಸ್ತಿ ಅಂತಾರೆ," ಎಂದ. "ನೀರು ಕುಡೀತಿರಿ."

"ಅಷ್ಟೇನಾ ಕಾಂಗ್?"

ಅವಳು ಕಾದಳು. ಡ್ರೈವರ್ ಇನ್ನೊಮ್ಮೆ ಹಾರನ್ ಒತ್ತುವವರೆಗೂ ಕಾದಳು. ಆಮೇಲೆ ಕಿಟಕಿಯ ಗಾಜು ಅರ್ಧ ಏರಿತು, ವ್ಯಾನ್ ತಿರುವಿನಲ್ಲಿ ನಿಧಾನವಾಯಿತು, ಹೋಯಿತು.

ನಾನೂ ಬರುತ್ತೇನೆ ಎಂದು ತರ್ಯಾನಾ ಹೇಳಲಿಲ್ಲ.